ಕೈಯಲ್ಲಿಟ್ಟ ಕಾಯಿ

“ಅಮ್ಮೀ, ಹಾಗೆ ಕಾಯಿಗಳನ್ನು ಗುಡಿಸಿ ಹಾಕಬಾರದು. ತಲೆ ಬಗ್ಗಿಸಿ ‘ಮಕೆಮಾಶಿತ’ ಅನ್ನಬೇಕು.”

“ಹಾಗೆಂದರೇನು?”

“ನಾನು ಸೋತೆ ಅಂತ.”

“ಸೋತದ್ದು ನಿನಗೇ ಕಾಣುತ್ತಿದೆಯಲ್ಲ. ಬಾಯಿಬಿಟ್ಟು ಬೇರೆ ಹೇಳಬೇಕೇ?”

“ಹೇಳಬೇಕು. ಹೇಳುವವರೆಗೆ ಆಟ ಮುಗಿಯುವುದಿಲ್ಲ.”

2022ರ ಡಿಸೆಂಬರ್ ತಿಂಗಳ ಒಂದು ಸಂಜೆ ಹುಳಿಯಾರಿನ ನಮ್ಮ ಮನೆಯ ನಡುಮನೆಯಲ್ಲಿ ನನಗೂ ನನ್ನ ಮಗನಿಗೂ ನಡೆದ ಮಾತಿದು. ಮೂವತ್ತು ವರ್ಷ ಉರ್ದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ನಿವೃತ್ತಳಾದವಳು ನಾನು. ಮಾಡಿದ ತಪ್ಪನ್ನು ಒಪ್ಪಿಕೊಳ್ಳಿ ಎಂದು ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಆದರೆ ಹೊಟ್ಟೆಯಲ್ಲಿ ಹುಟ್ಟಿದವನ ಮುಂದೆ ‘ನಾನು ಸೋತೆ’ ಎಂಬ ಎರಡು ಪದ ನನ್ನ ಬಾಯಿಂದ ಹೊರಡಲಿಲ್ಲ. “ಮಗ್ರಿಬ್ ಆಯಿತು” ಎಂದು ಎದ್ದುಬಿಟ್ಟೆ. ಆಗಿನ್ನೂ ಅಝಾನ್ ಆಗಿರಲಿಲ್ಲ.

ಮಗ ಇರುವುದು ಜಪಾನಿನಲ್ಲಿ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿ, ಬಿಡದಿಯ ಕಡೆ ಕೆಲವು ವರ್ಷ ಕೆಲಸ ಮಾಡಿ, 2017ರಲ್ಲಿ ನಗೋಯಾ ನಗರದ ಹತ್ತಿರ ಕಾರಿನ ಬಿಡಿಭಾಗ ತಯಾರಿಸುವ ಕಂಪೆನಿಗೆ ಹೋದ. ಆ ಡಿಸೆಂಬರಿನಲ್ಲಿ ಅವನು ಊರಿಗೆ ಬಂದದ್ದು ತಂದೆ ತೀರಿಕೊಂಡ ಹತ್ತೊಂಬತ್ತು ತಿಂಗಳ ನಂತರ. ಹೆಂಡತಿಯನ್ನೂ, ನಾನು ಫೋನಿನಲ್ಲಿ ಮಾತ್ರ ಕಂಡಿದ್ದ ಒಂದೂಕಾಲು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ಬಂದಿದ್ದ. ಮೂರು ವಾರ ಮನೆ ತುಂಬ ಜನ. ಖಬರಸ್ತಾನಕ್ಕೆ ಹೋಗಿ ಬಂದ, ನೆಂಟರ ಮನೆಗಳಿಗೆ ಹೋಗಿ ಬಂದ, ಒಂದು ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಬೋರನಕಣಿವೆಗೂ ಹೋದೆವು. ಆದರೆ ನಾವಿಬ್ಬರೇ ಉಳಿದಾಗ ಮಾತು ಹುಟ್ಟುತ್ತಿರಲಿಲ್ಲ. ಅವನು ಫೋನ್ ನೋಡುತ್ತಿದ್ದ, ನಾನು ಅಕ್ಕಿ ಆರಿಸುತ್ತಿದ್ದೆ. ಅಂಥ ಒಂದು ಸಂಜೆ ಸೂಟ್‌ಕೇಸಿನಿಂದ ಒಂದು ಪೆಟ್ಟಿಗೆ ತೆಗೆದ. “ಇದು ಜಪಾನಿನವರ ಚದುರಂಗ ಅಮ್ಮೀ. ಶೋಗಿ ಅಂತ ಹೆಸರು. ಇದರಲ್ಲಿ ನಲವತ್ತು ಕಾಯಿ ಇವೆ.”

ಅಲ್ಲೇ ಕೂತಿದ್ದ ನನ್ನ ನಾದಿನಿ, “ಸುಲಿದದ್ದೋ, ಸಿಪ್ಪೆಯದ್ದೋ?” ಎಂದಳು.

ನಮ್ಮ ಕಡೆಯವರಿಗೆ ‘ಕಾಯಿ’ ಎಂದರೆ ತೆಂಗಿನಕಾಯಿಯೇ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆಂದು ಬೇರೆ ಕಡೆಯ ಓದುಗರಿಗೆ ತಿಳಿದಿರಲಿಕ್ಕಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹಾಕಿ ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಆರುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲುಗಾಡಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಅದಕ್ಕೆ ಗಿಟುಕು ಎನ್ನುತ್ತೇವೆ. ಯಜಮಾನರು 2021ರ ಜನವರಿಯಲ್ಲಿ ಅಟ್ಟಕ್ಕೆ ಹಾಕಿಸಿದ ಕಾಯಿ ಆ ವರ್ಷದ ಕೊನೆಗೆ ಗಿಟುಕಾಯಿತು. ಆಗ ಅವರಿರಲಿಲ್ಲ. ಸುಲಿಸಿ ತಿಪಟೂರಿನ ಮಾರುಕಟ್ಟೆಗೆ ಕಳುಹಿಸಿದ್ದು ಮೈದುನ.

ಆಟದ ಕಾಯಿಗೆ ಬರುತ್ತೇನೆ. ನನ್ನ ಅಬ್ಬಾ ಚದುರಂಗವನ್ನು ಮನೆಯೊಳಗೆ ಬಿಟ್ಟವರಲ್ಲ. ಪೇಟೆಯ ಜಗುಲಿಗಳಲ್ಲಿ ಪಣ ಕಟ್ಟಿ ಆಡುತ್ತಾ ಅಸರ್, ಮಗ್ರಿಬ್ ಎರಡನ್ನೂ ಕಳೆದುಕೊಂಡವರನ್ನು ಅವರು ಕಂಡಿದ್ದರು. ಚದುರಂಗದ ಬಗ್ಗೆ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಪಣವಿಲ್ಲದಿದ್ದರೆ, ನಮಾಝ್ ತಪ್ಪದಿದ್ದರೆ ಶಾಫಿಈ ಉಲಮಾಗಳು ಸಡಿಲಿಕೆ ತೋರಿದ್ದಾರೆ. ನಮ್ಮ ಹನಫಿಗಳು ಅದನ್ನು ಮೆಚ್ಚಿಲ್ಲ. ಫತ್ವಾ ಕೊಡುವ ಯೋಗ್ಯತೆ ನನ್ನದಲ್ಲ. ಮಗನಿಗೆ ಎರಡೇ ಷರತ್ತು ಹಾಕಿದೆ. ಪಣದ ಮಾತೇ ಕೂಡದು, ಬಿಸ್ಕತ್ತಿನ ಪಣವೂ ಬೇಡ. ಅಝಾನ್ ಕೇಳಿಸಿದರೆ ಆಟ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಅಣ್ಣಂದಿರು ಅಬ್ಬಾನ ಕಣ್ಣು ತಪ್ಪಿಸಿ ಆಡುವಾಗ ಪರದೆಯ ಸಂದಿಯಿಂದ ನೋಡಿ ಕಲಿತಿದ್ದ ಅಷ್ಟಿಷ್ಟು ಚದುರಂಗ ನನ್ನ ತಲೆಯಲ್ಲಿತ್ತು. ಅದೇ ನನಗೆ ಮುಳುವಾಯಿತು.

ಏಕೆಂದರೆ ನಮ್ಮ ಚದುರಂಗ ತಿಳಿದವರು ಶೋಗಿಯ ಮುಂದೆ ಕೂತರೆ ಮೊದಲು ಕಾಣುವುದು ಗೊಂದಲ. ಅರವತ್ತನಾಲ್ಕು ಮನೆಯಿಲ್ಲ, ಒಂಬತ್ತೊಂಬತ್ತಲ ಎಂಬತ್ತೊಂದು. ಕಪ್ಪು ಬಿಳಿ ಎಂಬ ಭೇದವಿಲ್ಲ. ಎರಡೂ ಕಡೆಯ ಕಾಯಿಗಳು ಒಂದೇ ಬಣ್ಣ, ಮನೆಯ ಮುಂಗಟ್ಟಿನಂತೆ ಐದು ಮೂಲೆಯ ಚಪ್ಪಟೆ ಬಿಲ್ಲೆಗಳು. ಚೂಪು ತುದಿ ಯಾರ ಕಡೆಗಿದೆಯೋ ಅವರು ಶತ್ರು. ಪ್ರತಿಯೊಬ್ಬರಿಗೂ ಇಪ್ಪತ್ತು ಕಾಯಿ. ಒಬ್ಬ ರಾಜ, ಅವನ ಎರಡು ಮಗ್ಗುಲಿಗೆ ಎರಡು ‘ಚಿನ್ನ’, ಅವುಗಳಾಚೆ ಎರಡು ‘ಬೆಳ್ಳಿ’, ಎರಡು ಕುದುರೆ, ಎರಡು ಮೂಲೆಗಳಲ್ಲಿ ನೇರ ಮುಂದಕ್ಕಷ್ಟೇ ನುಗ್ಗುವ ಎರಡು ಈಟಿ, ಎರಡನೇ ಸಾಲಿನಲ್ಲಿ ಒಂದು ತೇರು ಮತ್ತು ಓರೆಯಾಗಿ ನಡೆಯುವ ಒಂದು ಕಾಯಿ, ಮುಂದೆ ಒಂಬತ್ತು ಕಾಲಾಳು. ಶತ್ರುವಿನ ಮೂರು ಸಾಲುಗಳೊಳಗೆ ಹೊಕ್ಕ ಕಾಯಿಯನ್ನು ಮಗುಚಿ ಹಾಕಬಹುದು. ಮಗುಚಿದರೆ ಅದಕ್ಕೆ ಹೊಸ ಬಲ ಬರುತ್ತದೆ. ರಾಜ ಮತ್ತು ಚಿನ್ನಕ್ಕೆ ಮಾತ್ರ ಆ ಭಾಗ್ಯವಿಲ್ಲ.

ಕಾಯಿಗಳ ಮೇಲೆ ಚೀನೀ ಅಕ್ಷರಗಳು. ನಾನು ತೆಳುವಾದ ಕಾಗದದ ಚೂರುಗಳ ಮೇಲೆ ರಾ, ಚಿ, ಬೆ, ಕು ಎಂದು ಬರೆದು ಅಂಟಿಸಿಕೊಂಡೆ. ಒಂದು ವಿಷಯ ಮಾತ್ರ ನೋಡಿದ ಕೂಡಲೇ ಹಿಡಿಸಿತು. ಎರಡು ಕಡೆಯ ರಾಜರ ಅಕ್ಷರಗಳೂ ಒಂದೇ ಥರ, ಆದರೆ ಒಂದಕ್ಕೆ ಒಂದು ಚುಕ್ಕೆ ಹೆಚ್ಚು. ಚುಕ್ಕೆ ಇಲ್ಲದ ರಾಜ ಬಲಶಾಲಿ ಆಟಗಾರನಿಗೆ, ಚುಕ್ಕೆಯ ರಾಜ ಕಿರಿಯನಿಗೆ. ಒಂದು ನುಕ್ತೆ ಹೆಚ್ಚುಕಡಿಮೆಯಾದರೆ ಅರ್ಥವೇ ಕೆಡುತ್ತದೆಂದು ಉರ್ದು ಮಕ್ಕಳಿಗೆ ಜೀವನವಿಡೀ ಹೇಳಿದವಳು ನಾನು. ಆ ಚುಕ್ಕೆಯನ್ನು ಮರೆಯಲಿಲ್ಲ. ಚುಕ್ಕೆಯ ರಾಜ ನನ್ನ ಪಾಲಿಗೆ ಬಂದ.

“ಆನೆ ಎಲ್ಲಿ?” ಎಂದು ಕೇಳಿದೆ.

“ಆನೆ ಇಲ್ಲ ಅಮ್ಮೀ.”

“ನಮ್ಮ ದೇಶದಿಂದ ಹೋದ ಆಟ ಅನ್ನುತ್ತೀಯ. ಆನೆ ಇಲ್ಲದಿದ್ದರೆ ಹೇಗೆ?”

ಆಗ ಅವನಿಗೂ ಉತ್ತರ ಗೊತ್ತಿರಲಿಲ್ಲ. ಅಲ್ಲಿಗೆ ಮರಳಿದ ಮೇಲೆ ಓದಿ ಹೇಳಿದ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೈನ್ಯದ ಹೆಸರಿನಿಂದ ಬಂದದ್ದು ಚತುರಂಗ. ಪಶ್ಚಿಮಕ್ಕೆ ಹೋಗಿ ಇರಾನಿನಲ್ಲಿ ಚತ್ರಂಗ್, ಅರಬರಲ್ಲಿ ಶತರಂಜ್ ಆಗಿ ಯುರೋಪಿಗೆ ದಾಟಿತು. ಪೂರ್ವಕ್ಕೆ ಹೋದದ್ದು ಯಾವ ದಾರಿಯಿಂದ ಜಪಾನ್ ಮುಟ್ಟಿತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ನಾರಾ ನಗರದ ಕೊಫುಕುಜಿ ಎಂಬಲ್ಲಿ 1993ರಲ್ಲಿ ಅಗೆಯುವಾಗ ಶೋಗಿಯ ಹಳೆಯ ಮರದ ಕಾಯಿಗಳು ಸಿಕ್ಕಿದವು. ಜೊತೆಗೆ ಸಿಕ್ಕಿದ ಮರದ ಪಟ್ಟಿಯಲ್ಲಿ 1058ಕ್ಕೆ ಸರಿಹೊಂದುವ ವರ್ಷ ಬರೆದಿತ್ತು. ಅದಕ್ಕೆ ಸುಮಾರು ಮೂವತ್ತು ವರ್ಷ ಹಿಂದೆ, 1030ರ ಸುಮಾರಿಗೆ, ಅಲ್-ಬೀರೂನಿ ಹಿಂದೂಸ್ತಾನದ ಕುರಿತು ತಮ್ಮ ಪ್ರಸಿದ್ಧ ಗ್ರಂಥ ಬರೆದರು. ನಾಲ್ವರು ಕೂತು ದಾಳ ಹಾಕಿ ಆಡುವ ಇಲ್ಲಿನ ಚದುರಂಗವನ್ನು ಅದರಲ್ಲಿ ವಿವರಿಸಿದ್ದಾರೆ. ಅಲ್ಲಿ ಆನೆ ನೇರ ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗೆ ಒಂದೊಂದು ಮನೆ ನಡೆಯುತ್ತದೆ. ಆನೆಯ ಸೊಂಡಿಲು ಒಂದು, ಕಾಲು ನಾಲ್ಕು ಎಂದು ಜನ ಅದಕ್ಕೆ ಕಾರಣ ಹೇಳುತ್ತಾರಂತೆ.

ಓದುಗರು ಹಲಗೆಯ ಮೇಲೆ ಒಮ್ಮೆ ಇಟ್ಟು ನೋಡಿ. ಶೋಗಿಯ ಬೆಳ್ಳಿ ನಡೆಯುವುದೂ ಸರಿಯಾಗಿ ಹೀಗೆಯೇ. ಮುಂದಕ್ಕೆ ಒಂದು, ಮೂಲೆಗಳಿಗೆ ನಾಲ್ಕು. ಬರ್ಮಾದ ಹಳೆಯ ಚದುರಂಗದಲ್ಲೂ ಇದೇ ನಡೆಯ ಕಾಯಿ ಇದೆ, ಅವರು ಅದನ್ನು ಆನೆ ಎಂದೇ ಕರೆಯುತ್ತಾರೆ. ಮಗ ಇದನ್ನು ಫೋನಿನಲ್ಲಿ ಹೇಳಿದ ರಾತ್ರಿ ನಾನು ಎರಡು ಬೆಳ್ಳಿಗಳ ಮೇಲಿದ್ದ ‘ಬೆ’ ಕಿತ್ತು ‘ಆ’ ಅಂಟಿಸಿದೆ. ಜಪಾನಿನವರು ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟುಕೊಳ್ಳಲಿ. ಹೆಸರು ಬದಲಾದರೂ ನಡಿಗೆ ಬದಲಾಗಿಲ್ಲವಲ್ಲ, ನಮ್ಮೂರಿನವರು ದುಬೈಗೆ ಹೋಗಿ ಬಂದಂತೆ.

ಅವನು ಜಪಾನಿಗೆ ಮರಳಿದ ಮೇಲೆ ಆಟ ಫೋನಿನಲ್ಲಿ ಮುಂದುವರಿಯಿತು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅವನು ಕೆಲಸ ಮುಗಿಸಿ, ಊಟ ಮಾಡಿ ಕೂರುವ ಒಂಬತ್ತು ಗಂಟೆಗೆ ಇಲ್ಲಿ ಸಂಜೆ ಐದೂವರೆ. ಅಸರ್ ಮತ್ತು ಮಗ್ರಿಬ್ ನಡುವಿನ ಆ ಒಂದು ಗಂಟೆ ನಮ್ಮದು. ಅವನ ಬಳಿ ಒಂದು ಹಲಗೆ, ನನ್ನ ಬಳಿ ಒಂದು. ಫೋನನ್ನು ಸ್ಟೀಲಿನ ಚೊಂಬಿಗೆ ಒರಗಿಸಿ ನಿಲ್ಲಿಸುತ್ತೇನೆ. “ಏಳು-ಆರು, ಕಾಲಾಳು” ಎಂದು ನಾನು ಮನೆಯ ಸಂಖ್ಯೆ ಹೇಳಿದರೆ ಅವನು ತನ್ನ ಹಲಗೆಯಲ್ಲೂ ಸರಿಸುತ್ತಾನೆ. ಅತ್ತೆ ಯಾವುದೋ ಮಗ್ಗಿ ಒಪ್ಪಿಸುತ್ತಿದ್ದಾರೆಂದು ಪಕ್ಕದ ಮನೆಯ ಹುಡುಗಿ ಬಹಳ ದಿನ ಅಂದುಕೊಂಡಿದ್ದಳು.

ಆರಂಭದಲ್ಲಿ ಅವನು ತನ್ನ ಕಡೆಯಿಂದ ಆರು ಕಾಯಿಗಳನ್ನು ತೆಗೆದಿಟ್ಟು ಆಡುತ್ತಿದ್ದ. ತೇರು, ಓರೆಕಾಯಿ, ಎರಡು ಕುದುರೆ, ಎರಡು ಈಟಿ. ಬಲಶಾಲಿಯಾದವನು ತನ್ನ ಬಲವನ್ನು ಪಕ್ಕಕ್ಕಿಟ್ಟು ಕಲಿಯುವವರ ಜೊತೆ ಆಡುವುದು ಅಲ್ಲಿನ ಪದ್ಧತಿ. ಕಲಿತಂತೆಲ್ಲ ಒಂದೊಂದೇ ಕಾಯಿ ಹಲಗೆಗೆ ಮರಳುತ್ತದೆ. ಆರು ಕಾಯಿ ಇಲ್ಲದವನ ಮುಂದೆಯೂ ನಾನು ಎರಡು ತಿಂಗಳು ಸತತವಾಗಿ ಸೋತೆ. ಒಂದೇ ಕಂಬಸಾಲಿನಲ್ಲಿ ತನ್ನ ಎರಡು ಕಾಲಾಳು ಇಟ್ಟರೆ ಆ ಕ್ಷಣವೇ ಸೋಲು ಎಂಬ ಒಂದು ನಿಯಮವಿದೆ. ಅದೊಂದರಿಂದಲೇ ಮೂರು ಸಲ ಸೋತಿದ್ದೇನೆ. ನನ್ನ ಶಿಷ್ಯರು ಯಾರೂ ಇದನ್ನು ಓದದಿರಲಿ.

ಒಂದು ವಿಷಯ ಮಾತ್ರ ನನಗೆ ಬೇಗ ಹತ್ತಿತು. ಶೋಗಿಯ ಮುಖ್ಯ ಗುಣವೇ ಅದು. ಹಿಡಿದ ಕಾಯಿ ಇಲ್ಲಿ ಸಾಯುವುದಿಲ್ಲ. ಹಿಡಿದವನ ಕೈ ಸೇರುತ್ತದೆ. ಅವನು ತನ್ನ ಸರದಿ ಬಂದಾಗ ಒಂದು ನಡೆಯ ಬದಲು ಅದನ್ನು ಬೇಕಾದ ಖಾಲಿ ಮನೆಯಲ್ಲಿ ತನ್ನ ಕಡೆಯ ಕಾಯಿಯಾಗಿ ಇಡಬಹುದು. ಎರಡನೇ ಮಹಾಯುದ್ಧದ ನಂತರ ಜಪಾನ್ ಅಮೆರಿಕನ್ನರ ಆಡಳಿತದಲ್ಲಿದ್ದಾಗ ಅಧಿಕಾರಿಗಳು ಇದನ್ನೇ ಹಿಡಿದು, ಸೆರೆಯಾಳುಗಳನ್ನು ದುಡಿಸಿಕೊಳ್ಳುವ ಆಟವಲ್ಲವೇ ಇದು ಎಂದು ಕೇಳಿದರೆಂದು ಮಸುದ ಕೊಝೊ ಎಂಬ ದೊಡ್ಡ ಆಟಗಾರರು ಹೇಳಿಕೊಂಡಿದ್ದಾರೆ. ನಿಮ್ಮ ಚದುರಂಗದಲ್ಲಿ ಸೆರೆಯಾಳನ್ನು ಕೊಲ್ಲುತ್ತೀರಿ, ನಮ್ಮಲ್ಲಿ ಬದುಕಿಸಿ ಅವನ ಹಳೆಯ ಹುದ್ದೆಯಲ್ಲೇ ಕೆಲಸ ಕೊಡುತ್ತೇವೆ ಎಂಬುದು ಅವರ ಉತ್ತರವಾಗಿತ್ತಂತೆ.

ಚೆಸ್ ಕಲಿತವರಿಗೆ ಹೀಗೆ ಕೈಯಿಂದ ಕಾಯಿ ಇಡುವುದು ಬಹಳ ಕಷ್ಟವಾಗುತ್ತದೆಂದು ಮಗ ಹೇಳಿದ. ನನಗಾಗಲಿಲ್ಲ. ನಾವು ಹುಡುಗಿಯರು ಶಾಲೆಯ ಜಗುಲಿಯ ಚಪ್ಪಡಿ ಮೇಲೆ ಆಡುತ್ತಿದ್ದುದು ಹುಲಿ-ಕುರಿ ಆಟ. ಅದರಲ್ಲಿ ಕುರಿಗಳು ಮೊದಲು ಹಲಗೆಯ ಮೇಲಿರುವುದಿಲ್ಲ, ಆಡುವವರ ಕೈಯಲ್ಲಿರುತ್ತವೆ. ಹುಲಿ ಹಾರದಂತೆ ಒಂದೊಂದೇ ಕುರಿಯನ್ನು ತಂದು ಇಡುತ್ತಾ ಹೋಗಬೇಕು. ಹುಣಸೆ ಬೀಜದ ಕುರಿಗಳನ್ನು ಲಂಗದ ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಇನ್ನೆಷ್ಟು ಉಳಿದಿವೆಯೆಂದು ಎದುರಿನವಳಿಗೆ ತಿಳಿಯದಂತೆ ಆಡುವುದರಲ್ಲಿ ನಾನು ಪ್ರವೀಣೆ.

ಆ ಅಭ್ಯಾಸವೇ ಇಲ್ಲೂ ಬಂತು. ಗೆದ್ದ ಕಾಯಿಗಳನ್ನು ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಮಗ ತಕರಾರು ಮಾಡಿದ. “ಕೈಯಲ್ಲಿರುವುದನ್ನು ಹಲಗೆಯ ಪಕ್ಕ, ನನಗೆ ಕಾಣುವಂತೆ ಇಡಬೇಕು ಅಮ್ಮೀ. ಅದಕ್ಕೆಂದೇ ಅಲ್ಲಿ ಚಿಕ್ಕ ಪೀಠ ಇರುತ್ತದೆ. ಮುಚ್ಚಿಡುವುದು ಮರ್ಯಾದೆಯಲ್ಲ.” ಗೊಣಗುತ್ತಲೇ ಒಂದು ಸಾಸರ್ ತಂದು ಅದರಲ್ಲಿ ಹಾಕಿದೆ. ಫೋನಿನ ಕ್ಯಾಮರಾಕ್ಕೆ ಕಾಣುವಂತೆ ಸರಿಸಿಟ್ಟೆ.

ನಗೋಯಾ ಪಕ್ಕದ ಸೆತೊ ಎಂಬ ಊರಿನಲ್ಲಿ 2002ರಲ್ಲಿ ಹುಟ್ಟಿದ ಫುಜಿಯಿ ಸೋತ ಎಂಬ ಹುಡುಗನ ಕಥೆಯನ್ನು ಮಗ ಆಗಾಗ ಹೇಳುತ್ತಿದ್ದ. ಐದನೇ ವಯಸ್ಸಿನಲ್ಲಿ ಅಜ್ಜಿ ಕೊಟ್ಟ ಶೋಗಿ ಪೆಟ್ಟಿಗೆಯಿಂದ ಕಲಿಯಲು ತೊಡಗಿ, ಹದಿನಾಲ್ಕನೇ ವಯಸ್ಸಿಗೆ ವೃತ್ತಿಪರ ಆಟಗಾರನಾಗಿ, 2023ರ ಅಕ್ಟೋಬರಿನಲ್ಲಿ ಎಂಟಕ್ಕೆ ಎಂಟೂ ಪ್ರಶಸ್ತಿಗಳನ್ನು ಒಟ್ಟಿಗೆ ಹಿಡಿದವನು. ಚಿಕ್ಕಂದಿನಲ್ಲಿ ಸೋತಾಗಲೆಲ್ಲ ಗೋಳೋ ಎಂದು ಅಳುತ್ತಿದ್ದನಂತೆ. ಅವನ ಹೆಸರೂ ‘ಸೋತ’ ಎಂದೇ ಇರುವುದು ನನಗೆ ಬಹಳ ತಮಾಷೆಯಾಗಿ ಕಂಡಿತು. “ಇಷ್ಟೆಲ್ಲ ಗೆದ್ದವನಿಗೆ ಸೋತ ಎಂದು ಹೆಸರಿಟ್ಟಿದ್ದಾರಲ್ಲ!” ಎಂದರೆ, “ಮೊಮ್ಮಗನಿಗೆ ಕಲಿಸಬೇಕಾದ ಅಜ್ಜಿ ನೀವು, ಮೊದಲು ಚೆನ್ನಾಗಿ ಕಲಿಯಿರಿ” ಎಂದ.

ಇಷ್ಟೆಲ್ಲ ಹೇಳಿದರೂ ಶೋಗಿಯಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಆಟವಲ್ಲ, ಆಟ ಮುಗಿದ ಮೇಲೆ ಮಾಡುವ ಕೆಲಸ. ಸೋತವರು ತಲೆ ಬಗ್ಗಿಸಿ ‘ಮಕೆಮಾಶಿತ’ ಎಂದ ಮೇಲೆ ಇಬ್ಬರೂ ಎದ್ದು ಹೋಗುವುದಿಲ್ಲ. ಅದೇ ಹಲಗೆಯ ಮುಂದೆ ಕೂತು ನಡೆಗಳನ್ನು ಹಿಂದಕ್ಕೆ ತರುತ್ತಾರೆ. ಇಲ್ಲಿ ನೀವು ಹೀಗೆ ನಡೆಸಿದಿರಿ, ನಾನು ಇದಕ್ಕೆ ಹೆದರಿದ್ದೆ, ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಗೆದ್ದವರೂ ಸೋತವರೂ ಸೇರಿ ಹುಡುಕುತ್ತಾರೆ. ಅದಕ್ಕೆ ‘ಕನ್ಸೋಸೆನ್’ ಎನ್ನುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಎರಡು ದಿನ ಕಾದಾಡಿದವರೂ ಪತ್ರಕರ್ತರ ಎದುರಿಗೇ ಕೂತು ಇದನ್ನು ಮಾಡುತ್ತಾರಂತೆ. ಸೋತು ಹತ್ತು ನಿಮಿಷವೂ ಆಗಿರುವುದಿಲ್ಲ. ಅದರಲ್ಲಿ ದೂರುವುದಿಲ್ಲ, ಹಂಗಿಸುವುದೂ ಇಲ್ಲ. ನಮ್ಮಲ್ಲಿ ಒಂದು ಮದುವೆ ಮಾತುಕತೆ ಮುರಿದರೆ, ಪಾಲುಪಾರಿಕೆಯಲ್ಲಿ ಒಂದ್ಹತ್ತು ತೆಂಗಿನ ಮರ ಹೆಚ್ಚುಕಡಿಮೆಯಾದರೆ ಎರಡು ತಲೆಮಾರು ಮುಖ ನೋಡುವುದಿಲ್ಲ. ನನಗೆ ನಂಬಲಾಗಲಿಲ್ಲ.

ಮೊದಮೊದಲು ನಾನು ಈ ಹಿಂದಿರುಗಿ ನೋಡುವ ಕೆಲಸವನ್ನು ತಪ್ಪಿಸಿಕೊಳ್ಳುತ್ತಿದ್ದೆ. ಹಾಲು ಉಕ್ಕುತ್ತಿದೆ ಎನ್ನುತ್ತಿದ್ದೆ, ಯಾರೋ ಬಂದರು ಎನ್ನುತ್ತಿದ್ದೆ. ಅವನು ಒತ್ತಾಯ ಮಾಡುತ್ತಿರಲಿಲ್ಲ.

ಇನ್ನು 2021ರ ಮೇ ತಿಂಗಳನ್ನು ಹೇಳಲೇಬೇಕು. ರಾಜ್ಯವೆಲ್ಲ ಮುಚ್ಚಿತ್ತು. ಯಜಮಾನರಿಗೆ ಜ್ವರ ಬಂದು, ಉಸಿರು ಕಟ್ಟಿ, ತುಮಕೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಮಗ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದ. ಸೊಸೆ ಆಗ ಆರು ತಿಂಗಳ ಬಸುರಿ, ಆ ದೇಶದಲ್ಲಿ ಅವಳಿಗೆ ಇವನನ್ನು ಬಿಟ್ಟರೆ ಯಾರೂ ಇಲ್ಲ. ಅದೇ ದಿನಗಳಲ್ಲಿ, ಮೇ 14ರಿಂದ, ಭಾರತದಲ್ಲಿದ್ದು ಬರುವ ವಿದೇಶಿಯರನ್ನು ಜಪಾನ್ ಒಳಗೆ ಬಿಡುವುದನ್ನು ನಿಲ್ಲಿಸಿತು. ಅಲ್ಲಿ ಮನೆ ಮಾಡಿಕೊಂಡು ಕೆಲಸದಲ್ಲಿದ್ದವರಿಗೂ ವಿಶೇಷ ಕಾರಣವಿಲ್ಲದೆ ಪ್ರವೇಶವಿರಲಿಲ್ಲ. ಬರಬಹುದಿತ್ತು, ಮರಳುವುದು ಯಾವಾಗಲೋ ಗೊತ್ತಿರಲಿಲ್ಲ. “ಅಮ್ಮೀ, ನಾನು ಹೊರಟು ಬರಲಾ?” ಎಂದು ಒಂದು ರಾತ್ರಿ ಕೇಳಿದ.

“ಬೇಡ ಬೇಟಾ. ಬಂದು ನೀನೇನು ಮಾಡುತ್ತೀಯ? ಅವಳನ್ನು ನೋಡಿಕೋ” ಎಂದೆ.

ಅವನು ಬರಲಿಲ್ಲ. ಆರನೇ ದಿನ ಇವರು ತೀರಿಕೊಂಡರು. ಮಗ ಮಣ್ಣು ಹಾಕಬೇಕಾದ ಕಡೆ ಮೈಯೆಲ್ಲ ಪ್ಲಾಸ್ಟಿಕ್ ತೊಟ್ಟ ನಾಲ್ಕು ಜನ ಹುಡುಗರು ಹಾಕಿದರು. ಅಲ್ಲಾಹನು ಅವರಿಗೆ ಒಳ್ಳೆಯದು ಮಾಡಲಿ. ಬಂದವರಿಗೆಲ್ಲ ನಾನು, “ಅವನಿಗೆ ಬರಲು ದಾರಿಯಿರಲಿಲ್ಲ, ನಾನೇ ಬೇಡ ಅಂದೆ” ಎಂದು ಹೇಳುತ್ತಿದ್ದೆ. ಒಳಗೆ ಮಾತ್ರ ಅಟ್ಟದ ಕಾಯಿಯ ಹಾಗೆ ಕಣ್ಣೀರೆಲ್ಲ ಆರಿ ಒಂದು ಮಾತು ಗಿಟುಕಾಗಿ ಕೂತಿತ್ತು. ಯಾರಾದರೂ ಅಲುಗಾಡಿಸಿದರೆ ಸದ್ದು ಮಾಡುತ್ತಿತ್ತು. ಆದ್ದರಿಂದ ಯಾರಿಗೂ ಅಲುಗಾಡಿಸಲು ಬಿಡಲಿಲ್ಲ.

2024ರ ಫೆಬ್ರವರಿಯ ಒಂದು ಭಾನುವಾರ. ಅಷ್ಟರಲ್ಲಿ ಅವನು ತೆಗೆದಿಡುತ್ತಿದ್ದುದು ತೇರು ಮತ್ತು ಓರೆಕಾಯಿ ಎರಡನ್ನು ಮಾತ್ರ. ಕಾಯಿಗಳ ಮೇಲಿನ ಕಾಗದಗಳನ್ನೂ ನಾನು ಕಿತ್ತಿದ್ದೆ. ಆಟ ನನ್ನ ಕಡೆಗೇ ಇತ್ತು. ನಡುವೆ ನಾನು ಒಂದು ಬೆಳ್ಳಿಯನ್ನು ಹಿಂದಕ್ಕೆ ತಂದೆ. ಬೆಳ್ಳಿ ನೇರ ಹಿಂದಕ್ಕೆ ಬರಲಾರದು, ಓರೆಯಾಗಿಯೇ ಸರಿಯಬೇಕು. ನಾನು ಬಿಟ್ಟ ಜಾಗಕ್ಕೆ ಅವನ ಚಿನ್ನ ನುಗ್ಗುತ್ತದೆ, ಆಗ ರಾಜ ಒಬ್ಬಂಟಿಯಾಗುತ್ತಾನೆ ಎಂಬುದು ನನ್ನ ಲೆಕ್ಕ. ಅವನು ನುಗ್ಗಲಿಲ್ಲ. ಬೇರೆ ಕಡೆಯಿಂದ ಬಂದ. ಇಪ್ಪತ್ತು ನಡೆಗಳಲ್ಲಿ ನನ್ನ ರಾಜನಿಗೆ ನಿಲ್ಲಲು ಮನೆ ಉಳಿಯಲಿಲ್ಲ. ಅಷ್ಟು ಹೊತ್ತಿಗೆ ‘ಮಕೆಮಾಶಿತ’ ನನಗೆ ಅಭ್ಯಾಸವಾಗಿತ್ತು, ಹೇಳಿದೆ. ಇನ್ನೂ ಬೆಳಕಿತ್ತು. ಹಾಲು ಉಕ್ಕಲಿಲ್ಲ, ಯಾರೂ ಬರಲಿಲ್ಲ. ಇಬ್ಬರೂ ನಡೆಗಳನ್ನು ಹಿಂದಕ್ಕೆ ತಂದೆವು.

“ಇಲ್ಲಿ ನೀವು ಬೆಳ್ಳಿಯನ್ನು ಹಿಂದಕ್ಕೆ ತಂದಿರಿ,” ಎಂದ.

“ನೀನು ಬರಲಿ ಅಂತ ಜಾಗ ಬಿಟ್ಟದ್ದು.”

“ಹೌದಾ? ಬಾಗಿಲು ಹಾಕಿಕೊಂಡಿರಿ ಎಂದು ನಾನು ಓದಿದೆ.”

ಅವನ ಕೈ ಹಲಗೆಯ ಮೇಲೆ ಹಾಗೆಯೇ ನಿಂತಿತು. ಫೋನಿನ ಪರದೆಯಲ್ಲಿ ಅವನ ಮುಖ ಪೂರ್ತಿ ಕಾಣುತ್ತಿರಲಿಲ್ಲ, ಗಲ್ಲ ಮತ್ತು ಕೈ ಮಾತ್ರ. ಬಹಳ ಹೊತ್ತಾದ ಮೇಲೆ, “ಅಮ್ಮೀ, ಆವತ್ತೂ ಹೀಗೇ ಆಯಿತಾ?” ಎಂದ.

ಯಾವತ್ತು ಎಂದು ನಾನು ಕೇಳಲಿಲ್ಲ. “ಆವತ್ತಿಗೇ ಹೋಗೋಣ. ನೀನು ಮೊದಲು ಹೇಳು,” ಎಂದೆ. ಮೇಷ್ಟರ ಧ್ವನಿ ಬಂತೇನೋ.

ಅವನು ಹೇಳಿದ. ಚೀಲ ಕಟ್ಟಿದ್ದನಂತೆ. ಸೊಸೆ ತಾನೇ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲೆ ಇಟ್ಟಿದ್ದಳಂತೆ. “ನೀವು ಬೇಡ ಅಂದಾಗ ನನಗೆ ಒಂದು ಕ್ಷಣ ಹಗುರವಾಯಿತು ಅಮ್ಮೀ. ಒಂದೇ ಕ್ಷಣ. ಅಬ್ಬಾ ಹೋದ ಮೇಲೆ ಆ ಹಗುರವಾದದ್ದೇ ನನ್ನನ್ನು ಬಿಡುತ್ತಿಲ್ಲ. ನೀವು ಮತ್ತೊಮ್ಮೆ ಬೇಡ ಅನ್ನಲಿ ಅಂತ ನಾನು ಮತ್ತೊಮ್ಮೆ ಕೇಳಲಿಲ್ಲ. ಬಾ ಅಂದರೆ ಅಂತ ಹೆದರಿ ಕೇಳಲಿಲ್ಲ.”

ನನ್ನ ಸರದಿ. “ಬೇಡ ಅಂದೆ, ಆಮೇಲೆ ಆರು ದಿನ ಗೇಟಿನ ಕಡೆ ನೋಡಿದೆ,” ಎಂದೆ. ಇಷ್ಟು ಹೇಳಿದ್ದರೆ ಆಟ ನನ್ನ ಕಡೆಗೆ ಮುಗಿಯುತ್ತಿತ್ತು. ಆದರೆ ಹಲಗೆಯ ಪಕ್ಕದಲ್ಲಿ ಆ ಸಾಸರ್ ಇತ್ತು. ಅದರೊಳಗೆ ಅವನಿಂದ ಹಿಡಿದ ಮೂರು ಕಾಲಾಳು, ಒಂದು ಕುದುರೆ ಅವನಿಗೆ ಕಾಣುವಂತೆ ಬಿದ್ದಿದ್ದವು. ನನ್ನ ಮುಷ್ಟಿಯಲ್ಲಿ ಮೂರು ವರ್ಷದಿಂದ ಇದ್ದದ್ದು ಮಾತ್ರ ಅಲ್ಲಿರಲಿಲ್ಲ.

ತೀರಿಕೊಳ್ಳುವ ಎರಡು ದಿನ ಮುಂಚೆ ಆಸ್ಪತ್ರೆಯಿಂದ ಯಾರೋ ಪುಣ್ಯವಂತರು ತಮ್ಮ ಫೋನಿನಲ್ಲಿ ಇವರೊಡನೆ ಮಾತನಾಡಿಸಿದ್ದರು. ಉಸಿರು ಎಳೆದೆಳೆದು ಇವರು ಕೇಳಿದ್ದು, “ಹುಡುಗ ಹೊರಟನಾ?” ಎಂದು. “ಇಲ್ಲ, ನಾನೇ ಬೇಡ ಅಂದೆ” ಎಂದೆ. “ಒಳ್ಳೆಯ ಕೆಲಸ ಮಾಡಿದೆ. ಹುಡುಗಿ ಒಬ್ಬಳೇ ಆಗುತ್ತಿದ್ದಳು. ಅವನಿಗೆ ಹೇಳು, ಅಬ್ಬಾ ಖುಷಿಯಾಗಿದ್ದಾರೆ ಅಂತ” ಎಂದರು. ಅವನಿಗೆ ಹೇಳಬೇಕಾಗಿದ್ದ ಮಾತು ಅದು. ನಾನು ಹೇಳಿರಲಿಲ್ಲ. ಮರೆತದ್ದಲ್ಲ. ಪ್ರತಿ ಫೋನಿಗೂ ಬಾಯಿಯವರೆಗೆ ಬರುತ್ತಿತ್ತು, ನುಂಗುತ್ತಿದ್ದೆ. ಆ ಒಂದು ಮಾತಿನಿಂದ ಅವನ ಭಾರ ಇಳಿಯುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇಟ್ಟುಕೊಂಡಿದ್ದೆ. ಅವನಿಗೂ ಸ್ವಲ್ಪ ನೋಯಲಿ ಎಂದು.

ಅದೆಲ್ಲವನ್ನೂ ಅವನಿಗೆ ಹೇಳಿದೆ. ಕೊನೆಯದನ್ನೂ. ಹೇಳಿ ತಲೆ ಬಗ್ಗಿಸಿದೆ. ಜಪಾನೀ ಪದ ಬಾಯಿಗೆ ಬರಲಿಲ್ಲ. “ನಾನು ಸೋತೆ ಬೇಟಾ” ಎಂದೆ.

“ಅಬ್ಬಾ ಹಾಗೆ ಹೇಳಿದರಾ?” ಎಂದ. ಹೌದು ಎಂದೆ. “ಖುಷಿಯಾಗಿದ್ದಾರೆ ಅಂದರಾ?” ಹೌದು. ಮೂರನೇ ಸಲ ಕೇಳಿದ. ಹೌದು ಎಂದೆ. ಅಷ್ಟರಲ್ಲಿ ಅತ್ತ ಒಳಗಿನ ಕೋಣೆಯಿಂದ ಮೊಮ್ಮಗ ಎದ್ದು ಬಂದು, ಅಪ್ಪ ಏಕೆ ಅಳುತ್ತಾನೆಂದು ಅವನ ಅಂಗಿ ಎಳೆಯತೊಡಗಿದ. ಇತ್ತ ಮಸ್ಜಿದಿನಿಂದ ಮಗ್ರಿಬ್ ಅಝಾನ್ ಕೇಳಿಸಿತು. ಷರತ್ತು ನನ್ನದೇ. ವುಝೂ ಮಾಡಲು ಎದ್ದೆ, ಫೋನ್ ಆರಿಸಲಿಲ್ಲ.

ನಮಾಝ್ ಮುಗಿಸಿ ಬಂದಾಗ ಅವನು ಅಲ್ಲಿಯೇ ಕೂತಿದ್ದ. ಮುಖ ತೊಳೆದಿದ್ದ, ಮಗು ತೊಡೆಯ ಮೇಲೆ ಮಲಗಿತ್ತು. ಅಲ್ಲಿ ಆಗ ರಾತ್ರಿ ಹತ್ತೂಕಾಲು. ತನ್ನ ಹಲಗೆಯಲ್ಲಿ ಹೊಸ ಆಟಕ್ಕೆ ಕಾಯಿ ಜೋಡಿಸಿಟ್ಟಿದ್ದ. ನೋಡಿದೆ. ಓರೆಕಾಯಿ ತನ್ನ ಮನೆಗೆ ಮರಳಿತ್ತು, ತೇರು ಮಾತ್ರ ಪಕ್ಕಕ್ಕಿತ್ತು.

“ಒಂದೇ ಕಾಯಿ ತೆಗೆದಿದ್ದೀಯ. ನನಗೆ ಇನ್ನೂ ಕಷ್ಟವಾಗುತ್ತದೆ,” ಎಂದೆ.

“ಆಗಲಿ, ಆಡಿ ಅಮ್ಮೀ,” ಎಂದ.

ಸಾಸರ್ ಖಾಲಿ ಮಾಡಿ, ನನ್ನ ಕಾಯಿಗಳನ್ನು ಜೋಡಿಸತೊಡಗಿದೆ.